ತೂತಿನ ಬನಿಯನ್ ಹಾಕಿಕೊಂಡರೆ ಚಳಿ ಹೇಗೆ ಕಡಿಮೆಯಾಗುತ್ತದೆ?

ಮೈಸೂರಿಂದ_ಓಸ್ಲೋ

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಕೆಲಸದ ಮೇಲೆ ನಾರ್ವೆಯ ಓಸ್ಲೋಗೆ ಬಂದೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದವನು ನಾನು. ಇಲ್ಲಿ ಸೊಗ್ನ್ಸ್‌ವಾನ್ ಅಂತ ಒಂದು ಕೆರೆ ಇದೆ. ಒಂದು ಸುತ್ತು 3.3 ಕಿಲೋಮೀಟರ್. ಮೆಟ್ರೋ ಹತ್ತಿ ಕೊನೆ ಸ್ಟಾಪ್‌ನಲ್ಲಿ ಇಳಿದರೆ ಆಯಿತು, ಕೆರೆ ಎದುರಿಗೇ ಇರುತ್ತದೆ. ಅಕ್ಟೋಬರ್‌ವರೆಗೂ ಆರಾಮಾಗಿ ಎರಡೆರಡು ಸುತ್ತು ಓಡಿದೆ.

ಈಗ ಮೈನಸ್ 8. ಓಡುವಾಗ ಏನೂ ಚಳಿ ಇಲ್ಲ, ಬೆವರು ಸುರಿಯುತ್ತದೆ. ತೊಂದರೆ ಆಗೋದು ನಿಂತ ಮೇಲೆ. ವಾಪಸ್ ಹೋಗಲು ಪ್ಲಾಟ್‌ಫಾರಂನಲ್ಲಿ ಹತ್ತು ನಿಮಿಷ ಕಾಯಬೇಕಲ್ಲ, ಅಷ್ಟರಲ್ಲಿ ಬೆನ್ನು ಮಂಜುಗಡ್ಡೆ. ಹಲ್ಲು ಕಟಕಟ. ಒಳಗೆ ಕಾಟನ್ ಟೀಶರ್ಟ್, ಅದರ ಮೇಲೆ ಊರಿಂದ ತಂದ ದಪ್ಪ ಥರ್ಮಲ್, ಮೇಲೆ ಜಾಕೆಟ್. ಇಷ್ಟು ಹಾಕಿಯೂ ಹೀಗೆ.

ಆಫೀಸಿನಲ್ಲಿ ಒಬ್ಬರು ಇಲ್ಲಿಯವರೇ ಇದ್ದಾರೆ. ನನ್ನ ಕಷ್ಟ ಕೇಳಿ ನಕ್ಕು, "ನೆಟ್ಟಿಂಗ್ ತಗೋ" ಅಂದರು. ಫೋನಿನಲ್ಲಿ ಫೋಟೋ ತೋರಿಸಿದರು. ನಮ್ಮಪ್ಪ ಏಪ್ರಿಲ್ ಸೆಖೆಗೆ ಹಾಕಿಕೊಂಡು ಜಗಲಿ ಮೇಲೆ ಕೂರುತ್ತಿದ್ದ ತೂತಿನ ಬನಿಯನ್, ಥೇಟ್ ಅದೇ! ಅಲ್ಲ, ಸೆಖೆಗೂ ಅದೇ, ಚಳಿಗೂ ಅದೇ ಅಂದರೆ ಹೇಗೆ? ಬೆಲೆ ನೋಡಿ ಎದೆ ಝಲ್ ಅಂದಿತು, ಅದು ಬೇರೆ ಮಾತು. ಯಾರಾದರೂ ಹಾಕಿ ನೋಡಿದವರು ಇದ್ದೀರಾ?

ಕಂಬಳಿ_ಕೊಪ್ಪೆ

ಕಿಟಕಿ ತೆಗೆದಿಟ್ಟು ಹೀಟರ್ ಹಾಕಿದ ಹಾಗಾಯ್ತಲ್ಲ ಮಾರಾಯ್ರೆ. ತೂತಿಗೂ ದುಡ್ಡು ತಗೊಳ್ತಾರಾ?

ಹಿಮದಲ್ಲಿ_ಹನ್ನೆರಡು_ವರ್ಷ

ತೂತಿಗೇ ದುಡ್ಡು ತಗೊಳ್ಳೋದು. ತಮಾಷೆಯಲ್ಲ, ಕೆಲಸ ಮಾಡೋದು ತೂತೇ.

ನಾನೂ ಓಸ್ಲೋದಲ್ಲೇ ಇದ್ದೇನೆ. ಹನ್ನೆರಡು ಚಳಿಗಾಲ ಕಳೆದಿದ್ದೇನೆ, ಅದರಲ್ಲಿ ಮೊದಲ ಮೂರು ನಡುಗುವುದರಲ್ಲೇ ಹೋದವು. ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಅಪ್ಪನ ಬನಿಯನ್ ಪ್ರಶ್ನೆ. ಜಗಲಿ ಮೇಲೆ ಕೂತಾಗ ಆ ಬನಿಯನ್ ಮೇಲೆ ಬೇರೇನೂ ಇರಲಿಲ್ಲ. ಗಾಳಿ ತೂತಿನಿಂದ ಒಳಗೆ ಬಂದು ಬೆವರು ಆರಿಸುತ್ತಿತ್ತು, ತಂಪಾಗುತ್ತಿತ್ತು. ಈಗ ಅದರ ಮೇಲೆ ಒಂದು ಶರ್ಟು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಹಾಕಿ. ಆ ತೂತುಗಳ ಬಾಯಿ ಮುಚ್ಚಿತು. ಒಳಗಿನ ಗಾಳಿ ಅಲ್ಲಾಡದೆ ನಿಂತಿತು. ನಿಂತ ಗಾಳಿಯ ಹಾಗೆ ಶಾಖ ಹಿಡಿದಿಡುವ ವಸ್ತು ಅಪರೂಪ. ಉಣ್ಣೆ, ಹತ್ತಿ ತುಂಬಿದ ರಜಾಯಿ, ಹಕ್ಕಿ ಪುಕ್ಕ, ಎಲ್ಲವೂ ಮಾಡೋದು ಗಾಳಿಯನ್ನು ಕಟ್ಟಿಹಾಕುವ ಕೆಲಸವನ್ನೇ. ಜಾಲರಿ ಅದನ್ನು ತೀರಾ ಕಡಿಮೆ ಬಟ್ಟೆಯಲ್ಲಿ ಮಾಡುತ್ತದೆ, ಅಷ್ಟೇ. ಸೆಖೆ ಆಯಿತಾ, ಜಾಕೆಟ್ ಜಿಪ್ ಕೆಳಗೆ ಎಳೆಯಿರಿ. ಮತ್ತೆ ಅಪ್ಪನ ಬನಿಯನ್ ಆಗುತ್ತದೆ.

ಆದರೆ ನನ್ನ ಪ್ರಕಾರ ಬೆಚ್ಚಗಿಡುವುದು ಇದರ ಎರಡನೇ ಗುಣ. ಮೊದಲನೆಯದು, ಒದ್ದೆ ಬಟ್ಟೆಯನ್ನು ಮೈಯಿಂದ ದೂರ ಇಡುವುದು. ಬೆವರು ಜಾಲರಿಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ನಿಲ್ಲಲು ಅಲ್ಲಿ ಬಟ್ಟೆಯೇ ಇಲ್ಲ. ಮೇಲಿನ ಶರ್ಟಿಗೆ ಹೋಗಿ ಕೂರುತ್ತದೆ. ಆ ಶರ್ಟು ಒದ್ದೆಯಾಗಿದ್ದರೂ ನಿಮ್ಮ ಮೈಗೆ ತಾಗುವುದಿಲ್ಲ, ನಡುವೆ ಜಾಲರಿಯ ದಪ್ಪ ಇದೆ. ಪ್ಲಾಟ್‌ಫಾರಂ ಮೇಲೆ ನಿಮ್ಮ ಬೆನ್ನು ಕೊರೆಯುತ್ತಿದ್ದದ್ದು ಹೊರಗಿನ ಮೈನಸ್ 8 ಅಲ್ಲ. ಬೆನ್ನಿಗೆ ಅಂಟಿಕೊಂಡಿದ್ದ ಆ ಕಾಟನ್ ಟೀಶರ್ಟು.

ಇದು ಹೊಸ ಫ್ಯಾಶನ್ ಅಂದುಕೊಳ್ಳಬೇಡಿ. 1933ರಲ್ಲಿ ಹೆನ್ರಿಕ್ ಬ್ರೂನ್ ಎಂಬ ನಾರ್ವೆಯ ಸೇನಾಧಿಕಾರಿ ಹಳೆಯ ಮೀನಿನ ಬಲೆಯಿಂದ ಮೊದಲ ಬನಿಯನ್ ಮಾಡಿದರು ಎನ್ನುತ್ತಾರೆ. 1953ರಲ್ಲಿ ಹಿಲರಿ ಮತ್ತು ತೇನ್‌ಸಿಂಗ್ ಎವರೆಸ್ಟ್ ಹತ್ತಿದಾಗ ಒಳಗೆ ಇದ್ದದ್ದು ಇಂಥ ಬಲೆ ಬನಿಯನ್. ಇಲ್ಲಿನ ಮುದುಕರು ಇವತ್ತಿಗೂ ಇದನ್ನು "ಹೆಲ್ಸೆತ್ರೋಯೆ" ಅನ್ನುತ್ತಾರೆ, ಅಂದರೆ ಆರೋಗ್ಯದ ಅಂಗಿ. ಬ್ರೂನ್ಯೆ ಎಂಬ ಕಂಪನಿಯದು ಹೆಚ್ಚು ಓಡುತ್ತದೆ. ಆ ಪದದ ಅರ್ಥ ಉಕ್ಕಿನ ಬಳೆ ಹೆಣೆದು ಮಾಡಿದ ಯುದ್ಧದ ಕವಚ. ಹೆಸರಿಟ್ಟವರಿಗೆ ಸ್ವಲ್ಪ ತಮಾಷೆ ಗೊತ್ತಿತ್ತು ಅಂತ ಕಾಣುತ್ತದೆ.

ಲೆಕ್ಕದ_ಮೇಷ್ಟ್ರು

ಧಾರವಾಡದಲ್ಲಿ ಕೂತು ಮೈನಸ್ 8ರ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. ಆದರೆ ಲೆಕ್ಕ ಮಾಡಬಹುದಲ್ಲ.

ಒಂದು ಗ್ರಾಂ ಬೆವರು ಮೈ ಮೇಲೆ ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. ಟೀಶರ್ಟಿನಲ್ಲಿ 200 ಗ್ರಾಂ ಬೆವರು ನಿಂತಿದೆ ಅಂತ ಇಟ್ಟುಕೊಳ್ಳಿ. ಒಂದು ಲೋಟ ನೀರು, ಅಷ್ಟೇ. ಅದನ್ನು ನಿಮ್ಮ ಮೈ ಶಾಖದಿಂದಲೇ ಒಣಗಿಸಬೇಕೆಂದರೆ 480 ಕಿಲೋಜೂಲ್ ಬೇಕು. ಸುಮ್ಮನೆ ನಿಂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ, ಅಂದರೆ ಗಂಟೆಗೆ 360 ಕಿಲೋಜೂಲ್. ಒಂದು ಗಂಟೆ ಇಪ್ಪತ್ತು ನಿಮಿಷದ ಪೂರ್ತಿ ಸಂಪಾದನೆ ಆ ಒಂದು ಲೋಟ ನೀರಿಗೇ ಹೋಯಿತು. ಮಿಕ್ಕ ದೇಹಕ್ಕೆ ಏನುಳಿಯಿತು? ನಡುಕ.

ಓಡುವಾಗ ಯಾಕೆ ಗೊತ್ತಾಗಲ್ಲ ಅಂದರೆ, 70 ಕಿಲೋ ತೂಗುವವನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡಿದರೆ 600 ವ್ಯಾಟ್ ಮೇಲೆಯೇ ಶಾಖ ಬರುತ್ತದೆ. ಆರು ಜನರ ಸಂಬಳ ಒಬ್ಬನಿಗೆ. ನಿಂತ ಕೂಡಲೇ ಐದು ಜನ ಕೆಲಸ ಬಿಟ್ಟು ಹೋಗುತ್ತಾರೆ, ಸಾಲ ಹಾಗೇ ಇರುತ್ತದೆ.

ಇನ್ನೊಂದು. ನೀರು ಶಾಖ ಸಾಗಿಸುವ ಶಕ್ತಿ ನಿಂತ ಗಾಳಿಯದಕ್ಕಿಂತ ಸುಮಾರು 25 ಪಟ್ಟು. ಬಟ್ಟೆಯ ಸಂದಿಯಲ್ಲಿದ್ದ ಗಾಳಿಯ ಜಾಗಕ್ಕೆ ನೀರು ಬಂದು ಕೂತರೆ ಅದು ಬಟ್ಟೆಯಲ್ಲ, ಮೈಯ ಶಾಖ ಹೊರಗೆ ಹರಿಯಲು ಕಾಲುವೆ.

ಮಿನಿಯಾಪೊಲಿಸ್_ಮಾವ

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ಅಪಸ್ವರ ಒಂದಿರಲಿ ಅಂತ ಬಂದೆ.

ನಾನು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 15 ವರ್ಷದಿಂದ ಚಳಿಗಾಲದಲ್ಲೂ ಓಡುತ್ತಿದ್ದೇನೆ. ಮೈನಸ್ 20 ನಮಗೆ ಸುದ್ದಿಯೇ ಅಲ್ಲ. ಒಂದು ತೆಳು ಮೆರಿನೊ ಉಣ್ಣೆ ಶರ್ಟು, ಅದರ ಮೇಲೆ ಒಂದು ವಿಂಡ್‌ಶೀಟರ್. ಇಷ್ಟೇ. ಮನೆ ಬಾಗಿಲಿಂದ ಹೊರಡುತ್ತೇನೆ, 45 ನಿಮಿಷಕ್ಕೆ ಮನೆ ಬಾಗಿಲಿಗೇ ಬರುತ್ತೇನೆ. ಒದ್ದೆಯಾದರೆ ಆಗಲಿ ಬಿಡಿ, ನೇರ ಬಿಸಿನೀರಿಗೆ. ಅದಕ್ಕೆ ಯಾಕೆ ಬಲೆ, ಬೆಸ್ತರ ಹಾಗೆ?

ಬಂದ ಹೊಸದರಲ್ಲಿ ಎಲ್ಲರೂ ಬಟ್ಟೆಯ ಅಂಗಡಿಗೆ ಓಡುತ್ತಾರೆ. ನಿಜವಾದ ಮದ್ದು ಏನೆಂದರೆ ಹೊರಡುವಾಗ ಕಡಿಮೆ ಹಾಕಿಕೊಳ್ಳೋದು. ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಆಗಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಎರಡನೇ ಕಿಲೋಮೀಟರಿಗೆ ಬೆವರಿನ ಸ್ನಾನ. ತಮ್ಮಾ, ದಪ್ಪ ಥರ್ಮಲ್ ಬಿಚ್ಚಿಡು. ಕಾಟನ್ ಮನೆಯಲ್ಲೇ ಬಿಡು. ಅರ್ಧ ಸಮಸ್ಯೆ ಹೋಯಿತು, ಒಂದು ಪೈಸೆ ಖರ್ಚಿಲ್ಲದೆ.

ಹಿಮದಲ್ಲಿ_ಹನ್ನೆರಡು_ವರ್ಷ

ಮಾವ ಹೇಳಿದ್ದು ಸರಿ. ಮನೆ ಬಾಗಿಲಿಗೇ ಬಂದು ನಿಲ್ಲುವ ಓಟಕ್ಕೆ ಜಾಲರಿ ಬೇಡವೇ ಬೇಡ. ನಾನೂ ಹಾಕಲ್ಲ.

ಆದರೆ ಪ್ರಶ್ನೆ ಕೇಳಿದವರು ಪ್ಲಾಟ್‌ಫಾರಂನಲ್ಲಿ ಕಾಯಬೇಕು. ಆ ಹತ್ತು ನಿಮಿಷಕ್ಕೇ ಇದರ ಪೂರ್ತಿ ಬೆಲೆ. ನಾನು ಸ್ಕೀ ಮಾಡಲು ಸೊಗ್ನ್ಸ್‌ವಾನ್‌ನಿಂದ ಕಾಡಿನೊಳಗಿನ ಉಲ್ಲೆವೋಲ್‌ಸೇತೆರ್ ಎಂಬ ತಂಗುದಾಣದ ಕಡೆಗೆ ಏರು ಹತ್ತುತ್ತೇನೆ. ಏರಿನಲ್ಲಿ ಎಂಜಿನ್ ಬಿಸಿ, ಇಳಿಜಾರಿನಲ್ಲಿ ಕೈಕಾಲು ಅಲ್ಲಾಡಿಸದೆ ಗಾಳಿಗೆ ಎದುರಾಗಿ ಜಾರೋದು. ನಡುವೆ ನಿಂತು ಚಹಾ ಕುಡಿಯೋದು. ಹೀಗೆ ಬೆವರು, ನಿಲ್ಲು, ಬೆವರು, ನಿಲ್ಲು ಅನ್ನುವ ಕೆಲಸಕ್ಕೆ ಹೇಳಿ ಮಾಡಿಸಿದ್ದು ಇದು. ಅಂದರೆ ಎಷ್ಟು ಚಳಿ ಅಂತ ಅಲ್ಲ, ಬೆವರಿದ ಮೇಲೆ ಎಷ್ಟು ಹೊತ್ತು ಹೊರಗೆ ನಿಲ್ಲುತ್ತೀರಿ ಅಂತ ನೋಡಿಕೊಂಡು ಕೊಳ್ಳಬೇಕು.

ಮಿನಿಯಾಪೊಲಿಸ್_ಮಾವ

ಇದನ್ನು ಒಪ್ಪಿದೆ. ಬೆಸ್ತರ ಮಾತು ವಾಪಸ್.

ಸಾಂಕ್ರಿಯ_ಸುಸ್ತು

ನನ್ನ ಪೆದ್ದುತನದ ಕಥೆ ಇಲ್ಲಿ ಹೇಳಲೇಬೇಕು. ಓದಿ ನಗಿ, ಪರವಾಗಿಲ್ಲ.

ಬೆಂಗಳೂರಿಂದ ನಾಲ್ಕು ಜನ ಡಿಸೆಂಬರ್ ಕೊನೆಯಲ್ಲಿ ಕೇದಾರಕಂಠಕ್ಕೆ ಹೋಗಿದ್ದೆವು. ಉತ್ತರಾಖಂಡದ ಸಾಂಕ್ರಿ ಹಳ್ಳಿಯಿಂದ ಹೊರಡೋದು, ಶಿಖರ ಸುಮಾರು 12,500 ಅಡಿ. ಹೋಗುವ ಮುಂಚೆ ನಾನು ಎಲ್ಲೋ ಈ ಜಾಲರಿ ವಿಷಯ ಓದಿದ್ದೆ. ವಿದೇಶದ್ದು ಯಾಕೆ, ನಮ್ಮಲ್ಲೇ ಇಲ್ಲವಾ ಅಂತ ಅನಿಸಿತು. ಚಿಕ್ಕಪೇಟೆಗೆ ಹೋಗಿ ತೂತಿನ ಬನಿಯನ್ ಮೂರು ತಂದೆ. ಮೂರಕ್ಕೂ ಸೇರಿ ಒಂದು ಪಿಜ್ಜಾದ ಬೆಲೆಯೂ ಇಲ್ಲ. ಸ್ನೇಹಿತರ ಮುಂದೆ ಕಾಲರ್ ಎತ್ತಿಕೊಂಡು ಓಡಾಡಿದೆ. ಆದರೆ ಬನಿಯನ್‌ಗೆ ಕಾಲರ್ ಇರಲ್ಲ ನೋಡಿ.

ಶಿಖರದ ದಿನ ಬೆಳಗಿನ ಜಾವ ಮೂರಕ್ಕೆ ಹೊರಟೆವು. ಟಾರ್ಚ್ ಬೆಳಕಿನಲ್ಲಿ ಹಿಮದ ಕಡಿದಾದ ಏರು. ಚಳಿಗೆ ಹೆದರಿ ನಾನು ಬನಿಯನ್ ಮೇಲೆ ಎರಡು ಸ್ವೆಟರ್, ಜಾಕೆಟ್ ಎಲ್ಲ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಬೆವರು ಧಾರಾಕಾರ. ಮೇಲೆ ಹೋಗಿ ಸೂರ್ಯೋದಯಕ್ಕೆ ಕಾದು ನಿಂತೆವು. ಎಂಥ ನೋಟ ಅಂತೀರಿ, ಆದರೆ ನನಗೆ ನೆನಪಿರೋದು ನಡುಕ ಮಾತ್ರ. ಬನಿಯನ್ ಒದ್ದೆ ಗೋಣಿಚೀಲದ ಹಾಗೆ ಎದೆಗೆ ಅಂಟಿಕೊಂಡಿತ್ತು. ತೂತು ಇತ್ತು, ಆದರೆ ನೂಲು ಹತ್ತಿಯದು! ಪ್ರತಿ ದಾರವೂ ನೀರು ಕುಡಿದು ಉಬ್ಬಿ ಕೂತಿತ್ತು. ನಮ್ಮ ಗೈಡ್ ನನ್ನ ತುಟಿಯ ಬಣ್ಣ ನೋಡಿ ಬೇಗ ಇಳಿಸಿದರು. ಕ್ಯಾಂಪಿನಲ್ಲಿ ಬಟ್ಟೆ ಬದಲಾಯಿಸಿ ಬಿಸಿ ಸೂಪ್ ಕುಡಿದ ಮೇಲೆ ಮನುಷ್ಯನಾದೆ.

ನಮ್ಮ ಜೊತೆ ಬಂದಿದ್ದ ಹುಡುಗಿ ಸಾಧಾರಣ ಪಾಲಿಯೆಸ್ಟರ್ ಜಿಮ್ ಟೀಶರ್ಟ್ ಹಾಕಿದ್ದಳು. ಹೊರಡುವಾಗ ಜಾಕೆಟ್ ಬ್ಯಾಗಿನಲ್ಲಿ, ಮೇಲೆ ಹೋದ ಮೇಲೆ ಮೈಮೇಲೆ. ಏನೂ ಆಗಲಿಲ್ಲ ಅವಳಿಗೆ.

ಲೆಕ್ಕದ_ಮೇಷ್ಟ್ರು

ಸುಸ್ತು ಅವರೇ, ನಿಮ್ಮ ತಪ್ಪು ನೂಲಿನದ್ದು, ತೂತಿನದ್ದಲ್ಲ. ಗಾಳಿಯಲ್ಲಿ ಮಾಮೂಲಿ ತೇವ ಇದ್ದಾಗ ಹತ್ತಿ ತನ್ನ ತೂಕದ 7ರಿಂದ 8 ಶೇಕಡಾ ನೀರನ್ನು ಎಳೆಯೊಳಗೇ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ 0.4 ಶೇಕಡಾ. ಪಾಲಿಪ್ರೊಪಿಲೀನ್ ಹೆಚ್ಚೂಕಡಿಮೆ ಸೊನ್ನೆ. ಅದು ನೀರಿಗಿಂತ ಹಗುರ ಬೇರೆ, ಬಕೆಟ್ಟಿಗೆ ಹಾಕಿದರೆ ತೇಲುತ್ತದೆ. ಮನೆಯಲ್ಲಿರುವ ಪ್ಲಾಸ್ಟಿಕ್ ಹಗ್ಗ, ಅಕ್ಕಿ ಚೀಲ ಇವೆಲ್ಲ ಅದರದ್ದೇ. ಒದರಿದರೆ ಒಣಗಿತು.

ಗುಬ್ಬಚ್ಚಿ_ತಾಂಪೆರೆ

ಅಕ್ಕಿ ಚೀಲ ಮೈಮೇಲೆ ಹಾಕಿಕೊಂಡು ನಾಲ್ಕು ವರ್ಷದಿಂದ ಆಫೀಸಿಗೆ ಸೈಕಲ್ ತುಳಿಯುತ್ತಿದ್ದೇನೆ ಅಂತ ಈಗ ಗೊತ್ತಾಯಿತು, ಥ್ಯಾಂಕ್ಸ್ ಮೇಷ್ಟ್ರೇ.

ಫಿನ್‌ಲೆಂಡಿನ ತಾಂಪೆರೆಯಿಂದ ಬರೆಯುತ್ತಿದ್ದೇನೆ. ಹೆಂಗಸರ ಕಡೆಯಿಂದ ಎರಡು ಮಾತು, ಇದನ್ನು ಯಾರೂ ಹೇಳಲ್ಲ. ಜಾಲರಿ ಎಷ್ಟೇ ಒಳ್ಳೆಯದಿರಲಿ, ಅದರ ಕೆಳಗೆ ಇರುವ ಸ್ಪೋರ್ಟ್ಸ್ ಬ್ರಾ ದಪ್ಪ ಸ್ಪಂಜಿನದ್ದಾದರೆ ಎಲ್ಲ ದಂಡ. ಬೆವರು ಅಲ್ಲೇ ನಿಲ್ಲುತ್ತದೆ, ಚಳಿ ಅಲ್ಲೇ ಹಿಡಿಯುತ್ತದೆ. ನಾನು ಮೊದಲ ವರ್ಷ ಜಾಲರಿಯನ್ನೇ ಬೈದೆ, ಆಮೇಲೆ ಕಳ್ಳ ಸಿಕ್ಕಿದ. ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿ, ಉಣ್ಣೆಯದಾದರೆ ಇನ್ನೂ ಒಳ್ಳೆಯದು.

ಎರಡನೆಯದು ಭುಜ. ಬ್ಯಾಗಿನ ಪಟ್ಟಿ ಒತ್ತಿದರೆ ಜಾಲರಿಯ ಗಂಟುಗಳು ಚರ್ಮಕ್ಕೆ ಅಚ್ಚು ಒತ್ತುತ್ತವೆ. ಸಂಜೆ ಕನ್ನಡಿಯಲ್ಲಿ ನೋಡಿಕೊಂಡರೆ ಭುಜ ಜೇನುಗೂಡು. ಅದಕ್ಕೇ ಕೆಲವಕ್ಕೆ ಭುಜದ ಮೇಲೆ ತೂತಿಲ್ಲದ ಬಟ್ಟೆ ಹೊಲಿದಿರುತ್ತಾರೆ. ಬೆನ್ನಿಗೆ ಭಾರ ಹೊರುವವರು ಅದನ್ನೇ ತಗೊಳ್ಳಿ. ಓಡುವವರಿಗೆ ಅದರ ಅಗತ್ಯ ಇಲ್ಲ.

ಗಂಡಸರಿಗೂ ಒಂದು ಹೇಳಿಬಿಡುತ್ತೇನೆ. ನನ್ನ ಗಂಡ ಬರೆಯಲು ನಾಚಿಕೊಳ್ಳುತ್ತಿದ್ದಾರೆ. ಸೈಕಲ್ ತುಳಿಯುವಾಗ ಗಾಳಿ ಎದುರಿಗೇ ಹೊಡೆಯುತ್ತದಲ್ಲ, ಅದಕ್ಕೆ ಮುಂಭಾಗದಲ್ಲಿ ಗಾಳಿ ತಡೆಯುವ ಬಟ್ಟೆ ಹೊಲಿದ ಜಾಲರಿ ಚಡ್ಡಿ ಸಿಗುತ್ತದೆ. ನಗಬೇಡಿ. ಮೈನಸ್ 15ರಲ್ಲಿ ಅದಿಲ್ಲದೆ ಒಂದು ದಿನ ಹೋಗಿಬಂದ ಮೇಲೆ ಅವರು ನಗೋದು ಬಿಟ್ಟಿದ್ದಾರೆ.

ಮೈಸೂರಿಂದ_ಓಸ್ಲೋ

ಅಯ್ಯೋ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಸರಿ, ತಗೊಳ್ಳೋದು ಅಂತ ತೀರ್ಮಾನ ಮಾಡಿದೆ. ಈಗ ಯಾವುದು? ಅಂಗಡಿಯಲ್ಲಿ ಎರಡು ಥರ ಇಟ್ಟಿದ್ದಾರೆ. ಒಂದು ಪಾಲಿಪ್ರೊಪಿಲೀನ್, ಇನ್ನೊಂದು ಮೆರಿನೊ ಉಣ್ಣೆ. ಉಣ್ಣೆಯದು ಜಾಸ್ತಿ ದುಬಾರಿ. ಅಳತೆ ಎಂ ಹಾಕಲಾ, ಎಲ್ ಹಾಕಲಾ? ನನಗೆ ಸಡಿಲ ಬಟ್ಟೆಯೇ ಇಷ್ಟ.

ಸಾಂಕ್ರಿಯ_ಸುಸ್ತು

ಸಡಿಲ ಬೇಡ!! ಇದು ನನ್ನ ಪೆದ್ದುತನದ ಎರಡನೇ ಅಧ್ಯಾಯ. ಕೇದಾರಕಂಠದ ಪಾಠ ಕಲಿತು ಮಾರನೇ ವರ್ಷ ನಿಜವಾದದ್ದನ್ನೇ ಆನ್‌ಲೈನ್‌ನಲ್ಲಿ ತರಿಸಿದೆ. ಯಾವ ಅಂಗಡಿ ಅಂತ ಹೇಳಲ್ಲ. ಅವರ ಅಳತೆ ಪಟ್ಟಿ ನಂಬಿ ಎಲ್ ಹಾಕಿದೆ. ಬಂದದ್ದು ನನ್ನ ಭಾವನಿಗೂ ದೊಗಳೆ. ಒಳ ಉಡುಪು ವಾಪಸ್ ತಗೊಳ್ಳಲ್ಲ ಅಂದರು. ಜಾಲರಿ ಮೈಗೆ ಕೂರದೆ ನೇತಾಡಿದರೆ ಕೈ ಎತ್ತಿ ಇಳಿಸಿದಾಗೆಲ್ಲ ಒಳಗಿನ ಬೆಚ್ಚನೆ ಗಾಳಿ ಕುತ್ತಿಗೆಯಿಂದ ಹೊರಗೆ ಹೋಗುತ್ತದೆ. ಹರ್ ಕಿ ದೂನ್ ಚಾರಣದಲ್ಲಿ ಪೂರ್ತಿ ಅನುಭವಿಸಿದೆ.

ಹಿಮದಲ್ಲಿ_ಹನ್ನೆರಡು_ವರ್ಷ

ಹೌದು. ಮೈಗೆ ಅಂಟಿದಂತೆ ಕೂರಬೇಕು, ಆದರೆ ಹಿಂಡಬಾರದು. ತೀರಾ ಬಿಗಿಯಾದರೆ ಜಾಲರಿ ಹಿಗ್ಗಿ ಚಪ್ಪಟೆಯಾಗುತ್ತದೆ. ದಪ್ಪ ಹೋದರೆ ಗಾಳಿ ಎಲ್ಲಿ ನಿಲ್ಲಬೇಕು? ಉದ್ದ ಮಾತ್ರ ಜಾಸ್ತಿ ಇರಲಿ. ಬಗ್ಗಿದಾಗ ಸೊಂಟದ ಹಿಂದೆ ಹೊರಬಂದರೆ ಅಲ್ಲಿಂದಲೇ ಚಳಿ ನುಗ್ಗುತ್ತದೆ. ಮೈಸೂರಿನವರೇ, ಎಂ ತಗೊಳ್ಳಿ, ಆದರೆ ಅಂಗಡಿಯಲ್ಲೇ ಹಾಕಿ ನೋಡಿ. ಕೈ ಮೇಲೆತ್ತಿ, ಕೆಳಗೆ ಬಗ್ಗಿ. ನಾಚಿಕೆ ಬೇಡ, ಇಲ್ಲಿ ಎಲ್ಲರೂ ಹಾಗೇ ಮಾಡೋದು.

ಇನ್ನು ನೂಲು. ನನ್ನ ಹತ್ತಿರ ಎರಡೂ ಇವೆ. ಓಟ, ಸ್ಕೀ, ಹೀಗೆ ಜೋರಾಗಿ ಬೆವರುವ ದಿನ ಪಾಲಿಪ್ರೊಪಿಲೀನ್. ಬೇಗ ಒಣಗುತ್ತದೆ, ವರ್ಷಗಟ್ಟಲೆ ಬರುತ್ತದೆ. ನನ್ನದು ಏಳು ವರ್ಷದ್ದು, ಒಂದು ಎಳೆ ಬಿಟ್ಟಿಲ್ಲ. ಆದರೆ ವಾಸನೆ! ಬೆವರಿನ ಜಿಡ್ಡನ್ನು ಅದು ಬಿಡೋದೇ ಇಲ್ಲ. ಎರಡನೇ ದಿನ ಹೆಂಡತಿ ಬಾಲ್ಕನಿಗೆ ಕಳಿಸುತ್ತಾಳೆ, ಬನಿಯನ್ನನ್ನಲ್ಲ, ನನ್ನನ್ನು.

ಮೂರು ನಾಲ್ಕು ದಿನ ಬೆಟ್ಟದ ಒಂದು ತಂಗುಮನೆಯಿಂದ ಇನ್ನೊಂದಕ್ಕೆ ಹೋಗುವ ಪ್ರವಾಸ ಇದ್ದರೆ ಮೆರಿನೊ. ಅಕ್ಲಿಮಾ ಕಂಪನಿಯವರ ವುಲ್‌ನೆಟ್ ಎಂಬ ಉಣ್ಣೆ ಜಾಲರಿ ಇದೆ, ಬ್ರೂನ್ಯೆಯದೂ ಉಣ್ಣೆಯಲ್ಲಿ ಇದೆ. ನಾಲ್ಕು ದಿನ ಹಾಕಿದರೂ ಪಕ್ಕದಲ್ಲಿ ಕೂತವರು ಏಳಲ್ಲ. ಆದರೆ ನಾಜೂಕು. ಉಗುರು ತಾಗಿದರೆ, ಕೈಗವಸಿನ ವೆಲ್ಕ್ರೋ ತಾಗಿದರೆ ಎಳೆ ಕಿತ್ತು ಬರುತ್ತದೆ. ತೂತಿನ ಪಕ್ಕ ಇನ್ನೊಂದು ತೂತು.

ಕಂಬಳಿ_ಕೊಪ್ಪೆ

ಉಣ್ಣೆ ವಿಷಯ ಬಂತಲ್ಲ, ಈಗ ನಾನು ಮಾತಾಡಬಹುದು. ತೀರ್ಥಹಳ್ಳಿ ಕಡೆ ನಮ್ಮ ಅಜ್ಜ ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಗದ್ದೆಯಲ್ಲಿರುತ್ತಿದ್ದರು. ಸಂಜೆ ಮನೆಗೆ ಬಂದಾಗ ಕಂಬಳಿ ಎತ್ತಲಾಗದಷ್ಟು ಭಾರ. ಅಷ್ಟು ನೀರು ಕುಡಿದಿರುತ್ತಿತ್ತು. ಆದರೂ ಅಜ್ಜನ ಬೆನ್ನು ಬೆಚ್ಚಗೆ. ಅದು ಹೇಗೆ ಮೇಷ್ಟ್ರೇ?

ಲೆಕ್ಕದ_ಮೇಷ್ಟ್ರು

ಒಳ್ಳೆ ಪ್ರಶ್ನೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಎಳೆಯ ಒಳಕ್ಕೆ ಎಳೆದುಕೊಳ್ಳುತ್ತದೆ, ಮುಟ್ಟಿದರೆ ಒದ್ದೆ ಅನಿಸಲ್ಲ. ಹೀರಿಕೊಳ್ಳುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಅದಕ್ಕಿಂತ ಮುಖ್ಯ, ಉಣ್ಣೆಯ ಎಳೆ ಗುಂಗುರು. ನೆನೆದರೂ ಹತ್ತಿಯ ಹಾಗೆ ಮೆತ್ತಗಾಗಿ ಮೈಗೆ ಅಂಟಲ್ಲ. ಕಂಬಳಿ ಒರಟಾಗಿ ಚುಚ್ಚುತ್ತದಲ್ಲ, ಆ ಒರಟುತನವೇ ಅಜ್ಜನ ಬೆನ್ನಿಗೂ ಒದ್ದೆಗೂ ನಡುವೆ ಒಂದಿಷ್ಟು ಜಾಗ ಬಿಡುತ್ತಿತ್ತು. ಒಂಥರಾ ಜಾಲರಿಯೇ ಅಂದುಕೊಳ್ಳಿ.

ಕಂಬಳಿ_ಕೊಪ್ಪೆ

ಹಾಗಾದರೆ ನಮ್ಮಜ್ಜ ನಾರ್ವೆಯವರಿಗಿಂತ ಮುಂಚೆ! ಪೇಟೆಂಟ್ ತಪ್ಪಿತು.

ನಾನು ಮಳೆಗಾಲದಲ್ಲಿ ಕೊಡಚಾದ್ರಿಗೆ ಹೋಗುವಾಗ ಇದನ್ನು ಹಾಕಬಹುದಾ? ಗಂಭೀರವಾಗಿಯೇ ಕೇಳುತ್ತಿದ್ದೇನೆ. ರೈನ್‌ಕೋಟ್ ಒಳಗೆ ಬೆವರಿ ಪ್ಲಾಸ್ಟಿಕ್ ಕೈಗೆ ಅಂಟಿಕೊಳ್ಳುತ್ತದೆ, ಅಸಹ್ಯ.

ಗುಬ್ಬಚ್ಚಿ_ತಾಂಪೆರೆ

ಅಂಟೋದು ತಪ್ಪುತ್ತದೆ, ಅದಂತೂ ನಿಜ. ಇಲ್ಲಿ ಶರತ್ಕಾಲದ 5 ಡಿಗ್ರಿ ಮಳೆಯಲ್ಲಿ ರೈನ್‌ಕೋಟಿನ ಕೆಳಗೆ ಬರೀ ಜಾಲರಿ ಹಾಕಿ ಹೋಗುತ್ತೇನೆ. ಆದರೆ ಕೊಡಚಾದ್ರಿಯಲ್ಲಿ ಸೆಖೆಯೂ ಇರುತ್ತಲ್ಲ, ಅಷ್ಟು ದುಡ್ಡು ಕೊಡುವಷ್ಟು ಲಾಭ ಇಲ್ಲ. ಕೈ ಉದ್ದದ ತೆಳು ಪಾಲಿಯೆಸ್ಟರ್ ಸಾಕು, ಜಿಗಣೆಗೂ ಆಯಿತು.

ಮಿನಿಯಾಪೊಲಿಸ್_ಮಾವ

ಒಂದು ವಿಷಯ ಯಾರೂ ಹೇಳಲಿಲ್ಲ. ಜಾಲರಿ ಮೇಲೆ ಏನು ಹಾಕಬೇಕು? ನನ್ನ ಮಗಳು ಕಾಲೇಜಿನ ಸ್ಕೀ ತಂಡದಲ್ಲಿದ್ದಾಳೆ, ಅವಳದ್ದು ಒಂದಿದೆ. ನಿಮ್ಮ ಮಾತು ಕೇಳಿ ನಿನ್ನೆ ಕದ್ದು ಹಾಕಿಕೊಂಡು ಓಡಿದೆ. (ಬಿಗಿಯಾಗಿತ್ತು. ಫೋಟೋ ಹಾಕಲ್ಲ.) ಮೇಲೆ ನೇರವಾಗಿ ಜಾಕೆಟ್ ಹಾಕಿದ್ದೆ. ಜಾಕೆಟ್ಟಿನ ಒಳಮೈ ತುಂಬ ನೀರಿನ ಹನಿ. ಇದೇನಾ ನಿಮ್ಮ ಮ್ಯಾಜಿಕ್?

ಹಿಮದಲ್ಲಿ_ಹನ್ನೆರಡು_ವರ್ಷ

ನಡುವಿನ ಪದರ ಬಿಟ್ಟಿರಿ ಮಾವ. ಪಾಲಿಪ್ರೊಪಿಲೀನ್ ಜಾಲರಿ ತಾನಾಗಿ ನೀರು ಹೀರಲ್ಲ. ಹೀರುವ ಕೆಲಸ ಮೇಲಿನವರದ್ದು. ತೆಳು ಮೆರಿನೊ ಶರ್ಟೋ, ತೆಳು ಫ್ಲೀಸೋ (ಉಣ್ಣೆಯ ಹಾಗೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆ) ಹಾಕಿ, ನಿಮ್ಮ ಹಳೆಯ ಮೆರಿನೊನೇ ಸಾಕು. ಬೆವರು ಅದಕ್ಕೆ ಹೋಗಿ ಹರಡಿ ಆರುತ್ತದೆ. ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಮಳೆ ತಡೆಯುವ ದಪ್ಪ ಜಾಕೆಟ್ ಒಣ ಚಳಿಯಲ್ಲಿ ಬೇಡ, ಆವಿ ಹೊರಗೆ ಹೋಗಲ್ಲ. ನಡುವಿನ ಪದರ ಕಾಟನ್ ಹಾಕಿದರೆ ಮತ್ತೆ ಮೊದಲಿನ ಕಥೆ.

ಪೋಲಾರ್‌ಟೆಕ್‌ನವರ ಆಲ್ಫಾ ಡೈರೆಕ್ಟ್ ಅಂತ ಬಂದಿದೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ಬಿಡಿಬಿಡಿಯಾದ ಫ್ಲೀಸ್. ಜಾಲರಿಗೆ ಒಳ್ಳೆಯ ಜೋಡಿ. ಜಪಾನಿನ ಫೈನ್‌ಟ್ರ್ಯಾಕ್‌ನವರದ್ದು ಇನ್ನೊಂದು ದಾರಿ. ಜಾಲರಿ ತುಂಬಾ ತೆಳು, ನೀರು ಅಂಟದ ಹಾಗೆ ಮಾಡಿರುತ್ತಾರೆ, ಮೇಲಿನ ಒದ್ದೆ ವಾಪಸ್ ಮೈಗೆ ಬರಲ್ಲ. ಬೆಚ್ಚಗಿಡುವುದು ಕಡಿಮೆ, ಒಣಗಿಡುವುದು ಜಾಸ್ತಿ. ಬೆಟ್ಟ ಹತ್ತುವ ಸ್ನೇಹಿತರೊಬ್ಬರು ಬೇಸಿಗೆಯಲ್ಲೂ ಹಾಕುತ್ತಾರೆ.

ಗುಬ್ಬಚ್ಚಿ_ತಾಂಪೆರೆ

ಒಗೆಯುವ ಬಗ್ಗೆಯೂ ಹೇಳಿ ಮುಗಿಸಿಬಿಡೋಣ. ಬಟ್ಟೆ ಮೆತ್ತಗಾಗಲು ಹಾಕುವ ಸುವಾಸನೆಯ ದ್ರವ ಹಾಕಬೇಡಿ, ಎಳೆಯ ಮೇಲೆ ಪದರ ಕಟ್ಟುತ್ತದೆ. ಪಾಲಿಪ್ರೊಪಿಲೀನ್ ಅನ್ನು ಡ್ರೈಯರ್‌ಗೆ ಹಾಕಬೇಡಿ, ಇಸ್ತ್ರಿ ಅಂತೂ ಬೇಡವೇ ಬೇಡ. 160 ಡಿಗ್ರಿ ಆಸುಪಾಸಿನಲ್ಲಿ ಅದು ಕರಗುತ್ತದೆ, ಅದಕ್ಕೂ ಮುಂಚೆಯೇ ಮುದುಡುತ್ತದೆ. ನಮ್ಮನೆಯಲ್ಲಿ ಒಂದು ಈಗ ಮಗಳ ಗೊಂಬೆಗೆ ಸರಿಹೋಗುವ ಅಳತೆಗೆ ಬಂದಿದೆ. ಮತ್ತೆ, ಬಟ್ಟೆ ಚೀಲದೊಳಗೆ ಹಾಕಿ ಮೆಷಿನ್‌ಗೆ ಹಾಕಿ. ಇಲ್ಲದಿದ್ದರೆ ಬೇರೆ ಬಟ್ಟೆಯ ಹುಕ್ಕು ತೂತಿಗೆ ಸಿಕ್ಕಿಕೊಂಡು ಬಿಡಿಸುವುದರಲ್ಲಿ ಭಾನುವಾರ ಮುಗಿಯುತ್ತದೆ.

ಮೈಸೂರಿಂದ_ಓಸ್ಲೋ

ಮೂರು ವಾರ ಆಯಿತು, ವರದಿ ಕೊಡಬೇಕಲ್ಲ.

ಪಾಲಿಪ್ರೊಪಿಲೀನ್, ಎಂ ಅಳತೆ, ಕೈ ಉದ್ದದ್ದು. ಅಂಗಡಿಯಲ್ಲಿ ಬಗ್ಗಿ ಎದ್ದು ಎಲ್ಲ ಮಾಡಿದೆ, ಯಾರೂ ತಿರುಗಿಯೂ ನೋಡಲಿಲ್ಲ. ಮಾವ ಹೇಳಿದ ಹಾಗೆ ದಪ್ಪ ಥರ್ಮಲ್ ಪೆಟ್ಟಿಗೆ ಸೇರಿತು. ಮೇಲೆ ಒಂದು ತೆಳು ಮೆರಿನೊ, ಅದರ ಮೇಲೆ ವಿಂಡ್‌ಶೀಟರ್. ಮೊದಲ ದಿನ ಬಾಗಿಲು ತೆಗೆದಾಗ ಚಳಿ ನೇರ ಎದೆಗೆ ಹೊಡೆಯಿತು. ಮೋಸ ಹೋದೆ ಅಂದುಕೊಂಡೆ. ಒಂದು ಕಿಲೋಮೀಟರ್ ದಾಟಿದ ಮೇಲೆ ಸರಿಹೋಯಿತು.

ನಿನ್ನೆ ಮೈನಸ್ 11. ಎರಡು ಸುತ್ತು ಓಡಿ ಪ್ಲಾಟ್‌ಫಾರಂಗೆ ಬಂದರೆ ಟ್ರೇನ್ ಆಗಷ್ಟೇ ಹೋಗಿತ್ತು. ಜಿಪ್ ಕುತ್ತಿಗೆವರೆಗೆ ಎಳೆದು ನಿಂತೆ. ಕೈಬೆರಳು ತಣ್ಣಗಾಯಿತು, ಮೂಗು ತಣ್ಣಗಾಯಿತು. ಬೆನ್ನು ಮಾತ್ರ ಸುಮ್ಮನಿತ್ತು! ಮನೆಗೆ ಬಂದು ಬಿಚ್ಚಿ ನೋಡಿದರೆ ಮೆರಿನೊ ಹೊರಮೈ ಒದ್ದೆ, ವಿಂಡ್‌ಶೀಟರ್ ಒಳಗೆ ಸಣ್ಣ ಹಿಮದ ಪುಡಿ. ಬೆವರು ಅಲ್ಲಿವರೆಗೆ ಹೋಗಿ ಹೆಪ್ಪುಗಟ್ಟಿದೆ. ಮೈ ಒಣಗಿತ್ತು.

ಒಂದೇ ಸಮಸ್ಯೆ. ಅದೇ ವೇಷದಲ್ಲಿದ್ದಾಗ ಅಮ್ಮನ ವಿಡಿಯೋ ಕಾಲ್ ಬಂತು. "ಯಾಕೋ, ಬನಿಯನ್ ಇಷ್ಟು ಹರಿದಿದೆ? ಅಲ್ಲಿ ಸಂಬಳ ಸರಿಯಾಗಿ ಕೊಡ್ತಾರೋ ಇಲ್ವೋ?" ಹಿಂದಿನಿಂದ ಅಪ್ಪ ಬಗ್ಗಿ ನೋಡಿ, "ನನ್ನದೇ ಅಲ್ವಾ ಅದು?" ಅಂದರು.

ಕಾಲಿಗೂ ಜಾಲರಿ ಬೇಕಾ?

ಹಿಮದಲ್ಲಿ_ಹನ್ನೆರಡು_ವರ್ಷ

ಓಟಕ್ಕೆ ಬೇಡ, ಕಾಲು ಅಷ್ಟು ಬೆವರಲ್ಲ, ಸಾಧಾರಣ ಟೈಟ್ಸ್ ಸಾಕು. ಸ್ಕೀ ಶುರು ಮಾಡಿದ ಮೇಲೆ ನೋಡೋಣ. ಶನಿವಾರ ಹತ್ತಕ್ಕೆ ಸೊಗ್ನ್ಸ್‌ವಾನ್ ಪಾರ್ಕಿಂಗ್ ಹತ್ತಿರ ಬನ್ನಿ, ಒಂದು ಜೊತೆ ಹಳೆಯ ಸ್ಕೀ ನನ್ನ ಹತ್ತಿರ ಇದೆ. ಕೈಗವಸು ಮಾತ್ರ ಎರಡು ಜೊತೆ ತನ್ನಿ. ಮೊದಲ ದಿನ ಬಿದ್ದು ಬಿದ್ದು ಒಂದು ಜೊತೆ ಖಂಡಿತ ಒದ್ದೆಯಾಗುತ್ತದೆ.